ಶೇಡ್ ಸೇಲ್ ಎಲ್ಲಿ ಕಟ್ಟಬೇಕು, ನೆರಳು ಎಲ್ಲಿ ಬೀಳುತ್ತದೆ?

ಪ್ರಶ್ನೆ: ನಮ್ಮ ಮನೆಯ ಹಿಂದೆ 6 ಮೀಟರ್ ಅಗಲ, 8 ಮೀಟರ್ ಉದ್ದದ ಕೈತೋಟ ಇದೆ. ಮನೆಗೆ ಪಶ್ಚಿಮ ದಿಕ್ಕು ಅದು. ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು ನೇರವಾಗಿ ಹೊಡೆಯುತ್ತದೆ. ರಾತ್ರಿಯಾದರೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಗೋಡೆ ಪಕ್ಕ 3 ಮೀಟರ್‌ನಷ್ಟು ಕೂರುವ ಜಾಗ, ಅದರಾಚೆ ತರಕಾರಿ ಮಡಿಗಳು. ಟೊಮೆಟೊ ಹೂವು ಉದುರುತ್ತಿವೆ, ಮೆಣಸಿನ ಗಿಡದ ಎಲೆ ಮುದುಡುತ್ತಿದೆ. ಒಂದೊಂದು ಬದಿ 5 ಮೀಟರ್ ಇರುವ ತ್ರಿಕೋನದ ಶೇಡ್ ಸೇಲ್, ಅಂದರೆ ನೆರಳಿಗಾಗಿ ಮೂಲೆಗಳನ್ನು ಎಳೆದು ಕಟ್ಟುವ ಬಟ್ಟೆ, ತಂದಿದ್ದೇವೆ. ಪ್ಯಾಕೆಟ್ ಮೇಲೆ 95% ಎಂದು ಬರೆದಿದೆ. ಒಂದು ಮೂಲೆ ಮನೆ ಗೋಡೆಗೆ, ಒಂದು ಕಾಂಪೌಂಡಿಗೆ, ಇನ್ನೊಂದು ಮೂಲೆಯಲ್ಲಿರುವ ಮರಕ್ಕೆ ಕಟ್ಟೋಣ ಅಂತ ಯೋಚನೆ. ಮಾರಿದವರು ಚಪ್ಪಟೆಯಾಗಿ, ಆದಷ್ಟು ಬಿಗಿಯಾಗಿ ಕಟ್ಟಿ ಎಂದರು. ನಮ್ಮ ಯಜಮಾನರು ಗಾಳಿಗೆ ಹಾರಿಹೋಗುತ್ತದೆ ಅನ್ನುತ್ತಾರೆ. ಪಕ್ಕದ ಮನೆಯವರು ಕೆಳಗಿನ ಗಿಡವೆಲ್ಲ ಹಳದಿಯಾಗುತ್ತದೆ ಅನ್ನುತ್ತಾರೆ. ನಮ್ಮದು ಕಡು ಬಣ್ಣದ್ದು, ಅದರಿಂದ ಸೆಕೆ ಜಾಸ್ತಿಯಾಗುತ್ತದಾ? ಮಳೆ ನೀರು ಸೋರದ ಬಟ್ಟೆ ತರಬೇಕಿತ್ತಾ? ವರ್ಷವಿಡೀ ಹಾಗೇ ಬಿಡಬಹುದಾ?

ಉತ್ತರ: ತುಂಬಾ ಪ್ರಶ್ನೆ ಕೇಳಿದ್ದೀರಿ, ಆದರೆ ಹಿಂದಿರುವ ಆತಂಕ ಒಂದೇ. ತಂದ ಬಟ್ಟೆಯನ್ನು ಕಟ್ಟಿದರೆ ಕೂರುವ ಜಾಗ ತಂಪಾಗುತ್ತದಾ, ಗಿಡ ಉಳಿಯುತ್ತದಾ, ಗಾಳಿ ಬಂದಾಗ ಅನಾಹುತ ಆಗದೆ ಇರುತ್ತದಾ? ಈಗ ಅಂದುಕೊಂಡಿರುವ ಹಾಗೆ ಕಟ್ಟಿದರೆ ಮೂರೂ ಆಗುವುದಿಲ್ಲ. ಸ್ವಲ್ಪ ಬದಲಾಯಿಸಿಕೊಂಡರೆ ಅದೇ ಬಟ್ಟೆ ಕೆಲಸಕ್ಕೆ ಬರುತ್ತದೆ. ಗಾಳಿಯ ವಿಷಯದಲ್ಲಿ ನಿಮ್ಮ ಯಜಮಾನರ ಮಾತು ಸರಿ. ಗಿಡದ ವಿಷಯದಲ್ಲಿ ಪಕ್ಕದವರ ಮಾತು ಅರ್ಧ ಸರಿ. ಮಾರಿದವರು ಹೇಳಿದ್ದರಲ್ಲಿ ಬಿಗಿಯಾಗಿ ಅನ್ನುವುದನ್ನು ಇಟ್ಟುಕೊಳ್ಳಿ, ಚಪ್ಪಟೆಯಾಗಿ ಅನ್ನುವುದನ್ನು ಬಿಡಿ.

ತೋಟ, ಅಂಗಳಗಳಿಗೆ ನೆರಳಿನ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಹೆಚ್ಚಿನವರು ಮೊದಲು ಬಟ್ಟೆ ಕೊಳ್ಳುತ್ತಾರೆ, ಆಮೇಲೆ ಎಲ್ಲಿ ಕಟ್ಟುವುದು ಅಂತ ಗೋಡೆ, ಮರ ಹುಡುಕುತ್ತಾರೆ, ಕೊನೆಗೆ ನೆರಳು ಎಲ್ಲಿ ಬಿತ್ತು ಅಂತ ನೋಡುತ್ತಾರೆ. ಇದು ತಿರುಗುಮುರುಗು. ನಿಮಗೆ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ನೆರಳು ಬೇಕು ಅನ್ನುವುದು ಮೊದಲು ತೀರ್ಮಾನವಾಗಬೇಕು. ಅದಕ್ಕೆ ತಕ್ಕಂತೆ ಆಧಾರ. ಬಟ್ಟೆ ಕೊನೆಗೆ.

ಹಾಗಾಗಿ ಸೂರ್ಯನಿಂದಲೇ ಶುರು ಮಾಡೋಣ. ತಲೆ ಮೇಲೆ ಬಟ್ಟೆ ಕಟ್ಟಿದರೆ ನೆರಳು ನಮ್ಮ ಮೇಲೇ ಬೀಳುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸೂರ್ಯ ನೆತ್ತಿಯ ಹತ್ತಿರ ಇರುವ ಒಂದೆರಡು ಗಂಟೆ ಮಾತ್ರ ಅದು ನಿಜ. ಸೂರ್ಯ 45 ಡಿಗ್ರಿಗೆ ಇಳಿದಾಗ, 3 ಮೀಟರ್ ಎತ್ತರದಲ್ಲಿರುವ ಬಟ್ಟೆಯ ನೆರಳು 3 ಮೀಟರ್ ಆಚೆ ಬೀಳುತ್ತದೆ. 30 ಡಿಗ್ರಿಗೆ ಇಳಿದಾಗ 5 ಮೀಟರ್‌ಗಿಂತ ಸ್ವಲ್ಪ ಹೆಚ್ಚು ಸರಿದಿರುತ್ತದೆ. ನಿಮ್ಮ ತೋಟ ಮನೆಯ ಪಶ್ಚಿಮಕ್ಕಿದೆ, ಮಧ್ಯಾಹ್ನದ ಮೇಲೆ ನೆರಳು ಪೂರ್ವಕ್ಕೆ ಓಡುತ್ತದೆ. ಅಂದರೆ ಕುರ್ಚಿಗಳ ನೆತ್ತಿಯ ಮೇಲೆ ಕಟ್ಟಿದ ಸೇಲ್‌ನ ನೆರಳು ಮೂರು, ನಾಲ್ಕು ಗಂಟೆಯ ಹೊತ್ತಿಗೆ ಕುರ್ಚಿ ಬಿಟ್ಟು ಗೋಡೆ ಹತ್ತಿರುತ್ತದೆ. ನೀವು ಬಿಸಿಲಿನಲ್ಲಿ ಕೂತಿರುತ್ತೀರಿ, ಗೋಡೆ ನೆರಳಿನಲ್ಲಿರುತ್ತದೆ. ಗೋಡೆ ಕಾಯದಿದ್ದರೆ ಅದೂ ಲಾಭವೇ, ಇಲ್ಲ ಅನ್ನುವುದಿಲ್ಲ. ಆದರೆ ನೀವು ಕೇಳಿದ್ದು ಅದೊಂದನ್ನೇ ಅಲ್ವಲ್ಲ.

ಹಾಗಾದರೆ ಸೇಲನ್ನೇ ಪಶ್ಚಿಮಕ್ಕೆ ಸರಿಸಿ ಕಟ್ಟೋಣ ಅಂದರೆ, ಅದು ತರಕಾರಿ ಮಡಿಯ ಮೇಲೆ ಹೋಗಿ ನಿಲ್ಲುತ್ತದೆ. ನಡುಮಧ್ಯಾಹ್ನದ ಬೆಳಕು ಗಿಡಗಳಿಗೆ ತಪ್ಪುತ್ತದೆ. ಇಲ್ಲಿ ಇನ್ನೊಂದು ವಿಷಯ ಗಮನಿಸಿ. ನಿಮ್ಮ ಮಡಿಗಳಿಗೆ ಪೂರ್ವದಲ್ಲಿ ಮನೆ ಇದೆ. ಬೆಳಗಿನ ಬಿಸಿಲನ್ನು ಮನೆಯೇ ತಡೆಯುತ್ತದೆ. 4 ಮೀಟರ್ ಎತ್ತರದ ಮನೆಯಾದರೂ ಸೂರ್ಯ 45 ಡಿಗ್ರಿ ಏರುವವರೆಗೆ ಮೊದಲ 4 ಮೀಟರ್ ಜಾಗ ನೆರಳಲ್ಲೇ ಇರುತ್ತದೆ. ಆ ಗಿಡಗಳಿಗೆ ಸಿಗುವುದೇ ಮಧ್ಯಾಹ್ನದ ಮತ್ತು ಸಂಜೆಯ ಬಿಸಿಲು. ಅದನ್ನೂ ದಪ್ಪ ಬಟ್ಟೆಯಿಂದ ಮುಚ್ಚಿದರೆ ಪಕ್ಕದ ಮನೆಯವರು ಹೇಳಿದ್ದು ನಿಜವಾಗುತ್ತದೆ. ಕಾಂಡ ಉದ್ದುದ್ದ ಎಳೆದುಕೊಂಡು, ಎಲೆ ತೆಳುವಾಗಿ, ಹೂವು ಕಮ್ಮಿಯಾಗಿ, ಕೆಳಗಿನ ಎಲೆ ಹಳದಿಗೆ ತಿರುಗುತ್ತವೆ.

ಇದರ ಲೆಕ್ಕ ಹಾಕಲು ಯಾವ ಆ್ಯಪ್ ಕೂಡ ಬೇಕಿಲ್ಲ. 1 ಮೀಟರ್ ಉದ್ದದ ಕೋಲನ್ನು ತೋಟದಲ್ಲಿ ನೆಟ್ಟಗೆ ನಿಲ್ಲಿಸಿ. 12, 2, 4 ಗಂಟೆಗೆ ಅದರ ನೆರಳಿನ ತುದಿ ಎಲ್ಲಿದೆ ಅಂತ ಒಂದು ಕಲ್ಲಿಟ್ಟು ಗುರುತು ಮಾಡಿ. ಸೇಲ್ ಎಷ್ಟು ಮೀಟರ್ ಎತ್ತರದಲ್ಲಿ ಕಟ್ಟುತ್ತೀರೋ ಆ ನೆರಳನ್ನು ಅಷ್ಟರಿಂದ ಗುಣಿಸಿದರೆ ಸಾಕು. ದೂರವೂ ಸಿಗುತ್ತದೆ, ದಿಕ್ಕೂ ಸಿಗುತ್ತದೆ. ಸೂರ್ಯನ ದಾರಿ ಋತುವಿಗೆ ತಕ್ಕಂತೆ ಉತ್ತರಕ್ಕೋ ದಕ್ಷಿಣಕ್ಕೋ ವಾಲುವುದರಿಂದ ನಿಮಗೆ ಬಿಸಿಲು ಕಾಡುವ ತಿಂಗಳಲ್ಲೇ ಇದನ್ನು ಮಾಡಿ. ಗಾಳಿಯಿಲ್ಲದ ದಿನ ಹಳೆ ಬೆಡ್‌ಶೀಟ್ ಒಂದನ್ನು ಹಗ್ಗದಲ್ಲಿ ಎತ್ತಿ ಕಟ್ಟಿ ನೋಡಿದರೆ ಇನ್ನೂ ಒಳ್ಳೆಯದು. ಗುಂಡಿ ತೋಡಿದ ಮೇಲೆ ಜಾಗ ತಪ್ಪಾಯಿತು ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಸಂಜೆಯ ಓರೆ ಬಿಸಿಲಿಗೆ ಸೇಲ್ ಉತ್ತರವೇ ಅಲ್ಲ. ಅದಕ್ಕೆ ನಿಂತ ನೆರಳು ಬೇಕು. ಕೂರುವ ಜಾಗಕ್ಕೂ ಮಡಿಗೂ ನಡುವೆ 2 ಮೀಟರ್ ಎತ್ತರದ ಒಂದು ತಡಿಕೆ ನಿಲ್ಲಿಸಿ, ಬಳ್ಳಿ ಹಬ್ಬಿಸಿದ್ದೀರಿ ಅಂದುಕೊಳ್ಳಿ. ಸೂರ್ಯ 30 ಡಿಗ್ರಿಯಲ್ಲಿರುವಾಗ ಅದರ ನೆರಳು ಸುಮಾರು 3.5 ಮೀಟರ್ ಉದ್ದ ಬೀಳುತ್ತದೆ, ಅಂದರೆ ಕೂರುವ ಜಾಗ ಪೂರ್ತಿ. ಅದೂ ಪೂರ್ವಕ್ಕೆ, ನಿಮ್ಮ ಕಡೆಗೆ. ಮಡಿಗಳು ಪಶ್ಚಿಮದಲ್ಲಿರುವುದರಿಂದ ಅವಕ್ಕೆ ಸಂಜೆ ಬೆಳಕಿನಲ್ಲಿ ಒಂದಿಷ್ಟೂ ಕಡಿತವಿಲ್ಲ. ಸೇಲ್ ಕೈಕೊಡುವ ಹೊತ್ತಿಗೇ ತಡಿಕೆ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ತೋಟಕ್ಕೆ ಒಂದೇ ಒಂದು ಕೆಲಸ ಮಾಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಈಗ ಗಾಳಿ. ಮಾರುವವರು ಸಾಮಾನ್ಯವಾಗಿ ಇದರ ಬಗ್ಗೆ ಬಾಯಿ ಬಿಡುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ತನಗೆ ಎದುರಾದ ಪ್ರತಿ ಚದರ ಮೀಟರ್ ಮೇಲೆ ಸುಮಾರು 12 ಕೆಜಿಯಷ್ಟು ಒತ್ತಡ ಹಾಕುತ್ತದೆ. 100 ಕಿಲೋಮೀಟರ್ ಆದರೆ ಸುಮಾರು 48 ಕೆಜಿ. ನಿಮ್ಮದು ಚಿಕ್ಕ ಸೇಲ್, ಬಿಚ್ಚಿ ಕಟ್ಟಿದರೆ ಹೆಚ್ಚೆಂದರೆ 7 ಚದರ ಮೀಟರ್. ಆದರೂ ಬಿರುಗಾಳಿ ಪೂರ್ತಿ ಎದುರಾದರೆ 300 ಕೆಜಿ ದಾಟುತ್ತದೆ. ಹೆಣೆದ ಬಟ್ಟೆಯ ಕಣ್ಣುಗಳಲ್ಲಿ ಒಂದಿಷ್ಟು ಗಾಳಿ ನುಗ್ಗಿ ಹೋಗುತ್ತದೆ, ಬಟ್ಟೆ ವಾಲಿದ್ದರೆ ಒತ್ತಡ ಬೇರೆಯಾಗುತ್ತದೆ. ಹಾಗಾಗಿ ಇದು ಅಂದಾಜಿನ ಲೆಕ್ಕ. ಆದರೆ ಯಾವ ಅಳತೆಯ ಬಲದ ಜೊತೆ ವ್ಯವಹರಿಸುತ್ತಿದ್ದೇವೆ ಅನ್ನುವುದಕ್ಕೆ ಇಷ್ಟು ಸಾಕು.

ಚಪ್ಪಟೆಯಾಗಿ ಕಟ್ಟಬಾರದು ಅನ್ನುವುದು ಯಾಕೆ ಅಂದರೆ, ಬಟ್ಟೆ ಒಣಗಿಸುವ ಹಗ್ಗವನ್ನು ನೆನಪಿಸಿಕೊಳ್ಳಿ. 5 ಮೀಟರ್ ಹಗ್ಗದ ನಡುವೆ 10 ಕೆಜಿ ತೂಗುಹಾಕಿದ್ದೀರಿ. ಹಗ್ಗ 25 ಸೆಂಟಿಮೀಟರ್ ಜೋತರೆ ಪ್ರತಿ ತುದಿಯ ಮೊಳೆಗೆ ಸುಮಾರು 50 ಕೆಜಿ ಎಳೆತ. ಇಷ್ಟು ಜೋತರೆ ಚೆನ್ನಾಗಿಲ್ಲ ಅಂತ ಎಳೆದೆಳೆದು ಬರೀ 5 ಸೆಂಟಿಮೀಟರ್ ಜೋಲುವ ಹಾಗೆ ಮಾಡಿದರೆ, ಅದೇ 10 ಕೆಜಿಗೆ ತುದಿಯಲ್ಲಿ ಸುಮಾರು 250 ಕೆಜಿ ಎಳೆತ ಬರುತ್ತದೆ. ಚಪ್ಪಟೆ ಬಟ್ಟೆಯ ಮೇಲೆ ಗಾಳಿ ಒತ್ತಿದಾಗಲೂ ಹೀಗೇ. ಅದಕ್ಕೆ ಡೊಂಕು ಇಲ್ಲದಿದ್ದರೆ ಸಣ್ಣ ಗಾಳಿಯೂ ಮೂಲೆಗಳಲ್ಲಿ ದೊಡ್ಡ ಎಳೆತವಾಗುತ್ತದೆ. ಮೊಳೆ ಕೀಳುವುದು, ಕಂಬ ಬಾಗುವುದು, ಹೊಲಿಗೆ ಬಿಡುವುದು ಎಲ್ಲ ಇದರಿಂದಲೇ.

ಅದಕ್ಕೇ ಒಳ್ಳೆಯ ಸೇಲ್‌ನ ಅಂಚುಗಳನ್ನು ನೇರವಾಗಿ ಕತ್ತರಿಸಿರುವುದಿಲ್ಲ, ಒಳಕ್ಕೆ ಬಾಗಿಸಿರುತ್ತಾರೆ. 5 ಮೀಟರ್ ಅಂಚಿನ ನಡುವೆ ಸುಮಾರು 40 ಸೆಂಟಿಮೀಟರ್ ಒಳಬಾಗು ಇರುವುದು ಮಾಮೂಲು. ಅದು ಬಟ್ಟೆ ಉಳಿಸಲು ಮಾಡಿದ ಮೋಸ ಅಲ್ಲ. ಆ ಬಾಗು ಇದ್ದರೆ ಮಾತ್ರ ಮೂಲೆ ಎಳೆದಾಗ ಇಡೀ ಅಂಚು ಬಿಗಿಯಾಗುತ್ತದೆ, ನಡುವೆ ಪಟಪಟ ಬಡಿದುಕೊಳ್ಳುವುದಿಲ್ಲ. ಆದರೆ ನೆರಳಿನ ಲೆಕ್ಕದಲ್ಲಿ ಇದು ಕೈ ಕಚ್ಚುತ್ತದೆ. 5 ಮೀಟರ್ ತ್ರಿಕೋನ ಕಾಗದದ ಮೇಲೆ ಸುಮಾರು 11 ಚದರ ಮೀಟರ್, ಅಂಚು ಬಾಗಿದ ಮೇಲೆ ಉಳಿಯುವುದು 7ರ ಆಸುಪಾಸು. ಅದೇ 5 ಮೀಟರ್ ಚೌಕ ತೆಗೆದುಕೊಂಡರೆ 25ರಲ್ಲಿ ಸುಮಾರು 20 ಉಳಿಯುತ್ತದೆ. ತ್ರಿಕೋನ ಚಂದ ಕಾಣುತ್ತದೆ, ನೆರಳು ಕಮ್ಮಿ ಕೊಡುತ್ತದೆ.

ಚೌಕಕ್ಕೆ ಇನ್ನೊಂದು ಅನುಕೂಲವಿದೆ. ಎದುರು ಬದುರಿನ ಎರಡು ಮೂಲೆ ಎತ್ತರಕ್ಕೆ, ಉಳಿದೆರಡು ತಗ್ಗಿಗೆ ಕಟ್ಟಿದರೆ ಬಟ್ಟೆ ತಿರುಚಿಕೊಂಡು ಒಂದು ದಿಕ್ಕಿಗೆ ಮೇಲಕ್ಕೆ, ಇನ್ನೊಂದು ದಿಕ್ಕಿಗೆ ಕೆಳಕ್ಕೆ ಬಾಗುತ್ತದೆ. ಗಾಳಿ ಮೇಲಿಂದ ಒತ್ತಲಿ, ಕೆಳಗಿಂದ ಎತ್ತಲಿ, ತಡೆಯುವ ಎಳೆಗಳು ಇದ್ದೇ ಇರುತ್ತವೆ. ತ್ರಿಕೋನಕ್ಕೆ ಇದು ಸಾಧ್ಯವಿಲ್ಲ. ಮೂರು ಬಿಂದುಗಳನ್ನು ಹೇಗೆ ಇಟ್ಟರೂ ಅವು ಒಂದೇ ಸಮತಲದಲ್ಲಿರುತ್ತವೆ. ಅಂಚಿನ ಬಾಗು ಮತ್ತು ಒಂದು ಕಡೆಗೆ ವಾಲಿಸುವುದು, ಇವೆರಡೇ ಅದರ ಕೈಯಲ್ಲಿರುವ ಉಪಾಯ. ನಿಮ್ಮದರಲ್ಲಿ ಒಂದು ಮೂಲೆ ಉಳಿದೆರಡಕ್ಕಿಂತ ಕನಿಷ್ಠ 1 ಮೀಟರ್ ಕೆಳಗಿರಲಿ. ಅದೂ ಪಶ್ಚಿಮದ ಮೂಲೆ. ಆ ಕಡೆ ತಗ್ಗಿದಷ್ಟೂ ಮಧ್ಯಾಹ್ನದ ಬಿಸಿಲಿಗೆ ಜಾಸ್ತಿ ಹೊತ್ತು ಅಡ್ಡ ನಿಲ್ಲುತ್ತದೆ. ನಿಮ್ಮಲ್ಲಿ ಜೋರು ಗಾಳಿಯೂ ಅದೇ ದಿಕ್ಕಿನಿಂದ ಬರುವುದಾದರೆ ಒಳ್ಳೆಯದೇ ಆಯಿತು, ಎತ್ತರದ ಬದಿ ಗಾಳಿಗೆ ಬಾಯಿ ತೆರೆದು ನಿಲ್ಲುವುದಿಲ್ಲ. ಗಾಳಿ ಬೇರೆ ಕಡೆಯಿಂದ ಬರುತ್ತದೆ ಅಂದರೆ ಸೇಲ್ ಇಳಿಸುವ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು.

ನೀವು ಯೋಚಿಸಿರುವ ಮೂರು ಆಧಾರಗಳಲ್ಲಿ ಎರಡನ್ನು ನಾನು ಒಪ್ಪುವುದಿಲ್ಲ. ಕಾಂಪೌಂಡ್ ಗೋಡೆ ತನ್ನ ತೂಕವನ್ನು ಹೊತ್ತು ನಿಲ್ಲಲು ಕಟ್ಟಿದ್ದು. ಅದರ ತಲೆಯನ್ನು ಅಡ್ಡಕ್ಕೆ ಎಳೆಯುವುದನ್ನು ಅದನ್ನು ಕಟ್ಟಿದವರು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಬಿದ್ದರೆ ಎಳೆತ ಇರುವ ಕಡೆಗೇ, ಅಂದರೆ ನೀವು ಕೂತಿರುವ ಕಡೆಗೇ ಬೀಳುತ್ತದೆ. ಮರದ ಕತೆ ಬೇರೆ. ಮರ ಗಾಳಿಗೆ ತೂಗುತ್ತದೆ, ಪ್ರತಿ ಸಲ ತೂಗಿದಾಗಲೂ ಬಟ್ಟೆಯನ್ನು ಜಗ್ಗುತ್ತದೆ. ಸುಮ್ನೆ ನಿಂತ ಎಳೆತಕ್ಕಿಂತ ಈ ಜಗ್ಗಾಟ ಹೊಲಿಗೆಗೆ ಕೆಟ್ಟದ್ದು. ಜೊತೆಗೆ ಕಾಂಡ ವರ್ಷ ವರ್ಷ ದಪ್ಪವಾಗುತ್ತದೆ. ಸುತ್ತಿದ ತಂತಿ ತೊಗಟೆಯೊಳಗೆ ಹೂತುಕೊಳ್ಳುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ, ಆದ್ದರಿಂದ ಸುತ್ತಲೂ ಬಿಗಿದ ಮರ ನಿಧಾನಕ್ಕೆ ಸೊರಗುತ್ತದೆ. ಅಷ್ಟಾಗಿ ಆ ಮರ ಕೊಡುವ ನೆರಳನ್ನು ಯಾವ ಬಟ್ಟೆಯೂ ಕೊಡುವುದಿಲ್ಲ. ಅದರ ಎಲೆಗಳು ನೀರಾವಿ ಬಿಟ್ಟು ಸುತ್ತಲಿನ ಗಾಳಿಯನ್ನೂ ತಂಪು ಮಾಡುತ್ತವೆ. ಅದನ್ನು ಕಂಬ ಮಾಡಿಕೊಳ್ಳಬೇಡಿ.

ಮನೆ ಗೋಡೆ ಆಗುತ್ತದೆ, ಆದರೆ ಎಲ್ಲಿ ಬೇಕಾದರೂ ಅಲ್ಲ. ಕಾಂಕ್ರೀಟ್ ಪಿಲ್ಲರ್ ಅಥವಾ ಬೀಮ್ ಎಲ್ಲಿದೆ ಅಂತ ತಿಳಿದುಕೊಂಡು ಅದರೊಳಗೇ ಕೊಕ್ಕೆ ಕೂರಿಸಬೇಕು. ಪ್ಲಾಸ್ಟರ್‌ಗೋ ಇಟ್ಟಿಗೆಗೋ ಪ್ಲಾಸ್ಟಿಕ್ ಗಟ್ಟ ಹೊಡೆದು ಸ್ಕ್ರೂ ತಿರುಗಿಸುವುದು ಗೋಡೆಗೆ ಫೋಟೋ ತೂಗುಹಾಕಲು ಸರಿ, ಇದಕ್ಕಲ್ಲ. ಕೆಮಿಕಲ್ ಆ್ಯಂಕರ್ (ರಂಧ್ರದಲ್ಲಿ ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕಿ, ಅಥವಾ ಆರ್‌ಪಾರ್ ಬೋಲ್ಟ್ ಹಾಕಿ ಆಚೆ ಬದಿಗೆ ಕಬ್ಬಿಣದ ಪ್ಲೇಟ್ ಕೊಡಿ. ಸೂರಿನ ಹಲಗೆ, ಮಹಡಿಯ ಅಡ್ಡಗೋಡೆಯ ತುದಿ ಇವೆಲ್ಲ ಬೇಡ. ಮನೆಯಲ್ಲಿ ಪಿಲ್ಲರ್, ಬೀಮ್ ಇಲ್ಲದಿದ್ದರೆ, ಬರೀ ಇಟ್ಟಿಗೆಯ ಗೋಡೆಯಾಗಿದ್ದರೆ, ಮೂರೂ ಮೂಲೆಗೆ ಕಂಬವೇ ಗತಿ.

ಕಂಬ ಅಂದರೆ ಸಣ್ಣ ವಿಷಯ ಅಲ್ಲ. 3 ಮೀಟರ್ ಎತ್ತರದಲ್ಲಿ ಎಳೆದರೆ ಬುಡದಲ್ಲಿ ಅದು ಸನ್ನೆಕೋಲಿನ ಹಾಗೆ ಮೀಟುತ್ತದೆ. ನೆಲದ ಮೇಲೆ 3 ಮೀಟರ್ ಇರುವ ಕಂಬಕ್ಕೆ ನೆಲದೊಳಗೆ ಕನಿಷ್ಠ 1 ಮೀಟರ್ ಕಾಂಕ್ರೀಟ್ ಪಾಯ ಬೇಕು. ಮಣ್ಣು ಸಡಿಲವಾಗಿದ್ದರೆ ಅದಕ್ಕಿಂತ ಆಳ, ಅದಕ್ಕಿಂತ ಅಗಲ. ಈ ಅಳತೆಯ ಸೇಲ್‌ಗೆ ಸುಮಾರು 100 ಮಿಲಿಮೀಟರ್‌ನ ದಪ್ಪ ಗೋಡೆಯ, ಸತುವು ಲೇಪಿಸಿದ ಕಬ್ಬಿಣದ ಪೈಪ್ ಹಾಕುವುದು ರೂಢಿ. ಕಂಬವನ್ನು ಸೇಲ್‌ನಿಂದ ಆಚೆಗೆ 5 ಡಿಗ್ರಿಯಷ್ಟು ವಾಲಿಸಿ ನಿಲ್ಲಿಸುತ್ತೇವೆ. ಬಿಗಿ ಮಾಡಿದಾಗ ಅದು ಸ್ವಲ್ಪ ಒಳಕ್ಕೆ ಬರುತ್ತದೆ. ಕಾಂಕ್ರೀಟ್ ತನ್ನ ಪೂರ್ತಿ ಬಲಕ್ಕೆ ಬರಲು 28 ದಿನ ಅಂತ ಲೆಕ್ಕ. ಏನೇ ಆತುರ ಇದ್ದರೂ ಒಂದು ವಾರದೊಳಗೆ ಎಳೆತ ಕೊಡಬೇಡಿ. ತೋಡುವ ಮೊದಲು ನೆಲದೊಳಗೆ ನೀರಿನ ಪೈಪ್, ಕೇಬಲ್ ಎಲ್ಲಿ ಹೋಗಿದೆ ನೋಡಿಕೊಳ್ಳಿ. ಮೇಲೆ ಕರೆಂಟ್ ತಂತಿ ಹಾದುಹೋಗಿದ್ದರೆ ಅದರ ಹತ್ತಿರ ಸೇಲ್ ಯೋಚನೆಯೇ ಬೇಡ. ಮನೆಗೆ ಕೊಕ್ಕೆ ಹಾಕುವ ಜಾಗ, ಕಂಬದ ಪಾಯ, ಇವೆರಡನ್ನು ಒಬ್ಬ ಎಂಜಿನಿಯರ್‌ಗೆ ತೋರಿಸಿ. ಈ ಕೆಲಸದಲ್ಲಿ ದುಡ್ಡು ಉಳಿಸಬಾರದ ಜಾಗ ಅಂತ ಇದ್ದರೆ ಇದೊಂದೇ.

ಕೊಂಡಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪ್ಯಾಕೆಟ್‌ನಲ್ಲಿ ಬರುವ ನೈಲಾನ್ ಹಗ್ಗ ಒಂದು ದಿನ ಕಟ್ಟಿ ನೋಡುವುದಕ್ಕೆ ಮಾತ್ರ. ಒದ್ದೆಯಾದರೆ ಅದು ಹಿಗ್ಗುತ್ತದೆ, ಸೇಲ್ ಸಡಿಲವಾಗಿ ಬಡಿದುಕೊಳ್ಳಲು ಶುರುವಾಗುತ್ತದೆ. ಪ್ರತಿ ಮೂಲೆಗೂ ಡಿ ಶ್ಯಾಕಲ್ (ಡಿ ಆಕಾರದ ಲೋಹದ ಕೊಂಡಿ) ಇರಲಿ, ಕನಿಷ್ಠ ಒಂದು ಮೂಲೆಗೆ ಟರ್ನ್‌ಬಕಲ್ (ತಿರುಗಿಸಿ ಬಿಗಿ, ಸಡಿಲ ಮಾಡುವ ಕೊಂಡಿ) ಇರಲಿ. ಸ್ಟೇನ್‌ಲೆಸ್ ಸ್ಟೀಲಿನವು ಬೇಕು. ಸಮುದ್ರದ ಉಪ್ಪುಗಾಳಿ ತಾಗುವ ಜಾಗವಾದರೆ ತುಕ್ಕು ಹೆಚ್ಚು ತಡೆಯುವ 316 ದರ್ಜೆಯದ್ದೇ ಕೇಳಿ. ಬಟ್ಟೆಯ ಮೂಲೆಯಿಂದ ಕೊಕ್ಕೆಯವರೆಗೆ 30ರಿಂದ 50 ಸೆಂಟಿಮೀಟರ್ ಜಾಗ ಬಿಟ್ಟುಕೊಳ್ಳಿ. ಬಟ್ಟೆ ಹಿಗ್ಗಿದ ಹಾಗೆ ಬಿಗಿ ಮಾಡುತ್ತಾ ಹೋಗಲು ಅದು ಬೇಕು. ಕಟ್ಟಿದ ಒಂದು ವಾರಕ್ಕೆ ಒಮ್ಮೆ ಬಿಗಿ ಮಾಡಲೇಬೇಕಾಗುತ್ತದೆ.

ಈಗ ಆ 95%. ಹೆಚ್ಚಿನ ಪ್ಯಾಕೆಟ್‌ಗಳಲ್ಲಿ ಆ ಅಂಕಿ ಅತಿನೇರಳೆ ಕಿರಣಗಳನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಸೇರಿದ್ದು. ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವುದು ಬೇರೆ ಅಂಕಿ, ಅದು ಕಮ್ಮಿ ಇರಬಹುದು. ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಇನ್ನೊಂದು ಮಾತು. ಬಟ್ಟೆ 95% ತಡೆದರೂ ಕೆಳಗೆ ಕೂತವರಿಗೆ 95% ರಕ್ಷಣೆ ಸಿಗುವುದಿಲ್ಲ. ಅತಿನೇರಳೆ ಕಿರಣದ ದೊಡ್ಡ ಪಾಲು ಆಕಾಶದ ಎಲ್ಲ ಕಡೆಯಿಂದ ಚದುರಿ ಬರುತ್ತದೆ, ನೆಲ, ಗೋಡೆಗೆ ಬಡಿದು ತಿರುಗಿಯೂ ಬರುತ್ತದೆ. ಚಿಕ್ಕ ಸೇಲ್‌ನ ಬದಿಗಳು ತೆರೆದೇ ಇರುತ್ತವೆ. ಮಕ್ಕಳು ತುಂಬಾ ಹೊತ್ತು ಅಲ್ಲಿ ಆಡುವುದಾದರೆ ಟೋಪಿ ಹಾಕಲಿ.

ಸೆಕೆಯ ವಿಷಯದಲ್ಲೂ ಹೀಗೇ ಒಂದು ತಪ್ಪು ತಿಳಿವಳಿಕೆ ಇದೆ. ಸೇಲ್ ಗಾಳಿಯನ್ನು ತಂಪು ಮಾಡುವುದಿಲ್ಲ. ಥರ್ಮಾಮೀಟರ್ ಇಟ್ಟು ನೋಡಿದರೆ ಒಳಗೂ ಹೊರಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಮೈಗೆ ಹಿತ ಅನ್ನಿಸುವುದು ಬಿಸಿಲಿನ ಹೊಡೆತ ತಪ್ಪುವುದರಿಂದ. ನಿರ್ಮಲವಾದ ಮಧ್ಯಾಹ್ನ ಒಂದು ಚದರ ಮೀಟರ್ ಮೇಲೆ ಬೀಳುವ ಬಿಸಿಲು ಸುಮಾರು 1000 ವ್ಯಾಟ್. ನೆಲಕ್ಕೂ ಗೋಡೆಗೂ ಅದು ತಾಗದಿದ್ದರೆ ಅವು ಕಾದು ಸಂಜೆ ನಿಮ್ಮ ಮೇಲೆ ಸೆಕೆ ಉಗುಳುವುದೂ ತಪ್ಪುತ್ತದೆ. ನಿಮ್ಮ ಪಶ್ಚಿಮ ಗೋಡೆಗೆ ಸೇಲ್ ಮಾಡುವ ನಿಜವಾದ ಉಪಕಾರ ಇದು.

ಬಣ್ಣದ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಕಡು ಬಣ್ಣದ ಬಟ್ಟೆ ಮುಟ್ಟಿದರೆ ಜಾಸ್ತಿ ಬಿಸಿ ಇರುತ್ತದೆ, ನಿಜ. ಆದರೆ ಗಾಳಿಯಾಡುವ ಹೆಣಿಗೆ ಬಟ್ಟೆ ಎತ್ತರದಲ್ಲಿದ್ದರೆ ಆ ಬಿಸಿ ಮೇಲೆ ಹೋಗುತ್ತದೆ. ತಲೆಗೆ ತಾಗುವ ಹಾಗೆ ತಗ್ಗಿನಲ್ಲಿ, ಗೋಡೆಗೆ ಸಂದಿಲ್ಲದಂತೆ ಕಟ್ಟಿದರೆ ಮಾತ್ರ ಅದು ಕೆಳಗೇ ನಿಲ್ಲುತ್ತದೆ. ತಗ್ಗಿನ ಮೂಲೆಯೂ 2.2 ಮೀಟರ್‌ಗಿಂತ ಕೆಳಗೆ ಬರದಿರಲಿ. ಕೂರುವ ಜಾಗಕ್ಕೆ ನಾನು ಕಡು ಬಣ್ಣವನ್ನೇ ಇಷ್ಟಪಡುತ್ತೇನೆ, ಕಣ್ಣಿಗೆ ಕುಕ್ಕುವುದಿಲ್ಲ. ಬಿಳಿ ಬಟ್ಟೆ ಬೆಳಕನ್ನು ಚದುರಿಸಿ ಒಳಗೆ ಬಿಡುತ್ತದೆ. ಅದು ಗಿಡಗಳಿಗೆ ಒಳ್ಳೆಯದು, ಓದುತ್ತಾ ಕೂತವರಿಗೆ ಕಿರಿಕಿರಿ.

ಗಿಡಗಳಿಗೆ ಬರೋಣ. ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ಟೊಮೆಟೊದ ಒಂದು ಎಲೆ ಅದರ ಅರ್ಧದಷ್ಟು ಬೆಳಕಿನಲ್ಲೇ ತನ್ನ ಕೆಲಸವನ್ನು ಹೆಚ್ಚುಕಡಿಮೆ ಪೂರ್ತಿ ಮಾಡಿಕೊಳ್ಳುತ್ತದೆ. ಹಾಗಂತ ಅರ್ಧ ಬೆಳಕು ಸಾಕು ಅಂತಲ್ಲ, ಮೇಲಿನ ಎಲೆಯ ನೆರಳಿನಲ್ಲಿರುವ ಕೆಳಗಿನ ಎಲೆಗಳಿಗೂ ಪಾಲು ಬೇಕು. ಅನುಭವದಲ್ಲಿ ಟೊಮೆಟೊ, ಮೆಣಸಿನಕಾಯಿ, ಬದನೆಗೆ 30ರಿಂದ 35% ನೆರಳಿನ ಶೇಡ್ ನೆಟ್, ಸೊಪ್ಪುಗಳಿಗೆ 50% ಸರಿಹೋಗುತ್ತದೆ. ಅದೂ ಬಿಸಿಲು ತೀರಾ ಸುಡುವ ತಿಂಗಳುಗಳಲ್ಲಿ ಮಾತ್ರ. ಕೂರುವ ಜಾಗಕ್ಕೆ ತಂದ ಸೇಲ್ ಇದರ ಎರಡು, ಮೂರು ಪಟ್ಟು ಬೆಳಕು ತಡೆಯುತ್ತದೆ. ಒಂದೇ ಬಟ್ಟೆಯಿಂದ ಜನರಿಗೂ ಗಿಡಗಳಿಗೂ ನೆರಳು ಮಾಡುವ ಆಸೆ ಬಿಡಿ. ಮಡಿಯ ಮೇಲೆ ಪೈಪ್ ಬಗ್ಗಿಸಿ ಕಮಾನು ನಿಲ್ಲಿಸಿ, ತೆಳು ನೆಟ್ ಹೊದಿಸಿ, ಕ್ಲಿಪ್ ಹಾಕಿ. ಕೈಯಲ್ಲೇ ತೆಗೆದು ಹಾಕಬಹುದು, ಪಾಯ ಬೇಕಿಲ್ಲ, ಬಿದ್ದರೂ ಯಾರಿಗೂ ಪೆಟ್ಟಾಗುವುದಿಲ್ಲ.

ನಿಮ್ಮ ಟೊಮೆಟೊ ಹೂವು ಉದುರುವುದಕ್ಕೆ ಬಿಸಿಲಿಗಿಂತ ಬಿಸಿ ಕಾರಣ ಇರಬಹುದು. ಹಗಲು 32ರಿಂದ 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 21ರಿಂದ 24 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ, ಕಾಯಿ ಕಚ್ಚುವುದಿಲ್ಲ. ನೆಟ್ ಹಾಕಿದರೆ ಹೂವು, ಎಲೆಯ ಬಿಸಿ ಇಳಿಯುತ್ತದೆ, ಮಣ್ಣಿನ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ರಾತ್ರಿಯ ಸೆಕೆಗೆ ಮಾತ್ರ ಅದು ಏನೂ ಮಾಡಲಾರದು. ಕಾದ ಗೋಡೆಗೆ ಅಂಟಿಕೊಂಡ ಹಾಗೆ ಟೊಮೆಟೊ ಕುಂಡ ಇಟ್ಟಿದ್ದರೆ ದೂರ ಸರಿಸಿ, ಅದರಿಂದಲೇ ಎಷ್ಟೋ ಅನುಕೂಲವಾದೀತು.

ಮೆಣಸಿನ ಗಿಡವನ್ನು ನೆರಳಿನ ಸಮಸ್ಯೆ ಅಂದುಕೊಳ್ಳುವ ಮೊದಲು ಎಲೆಯ ಅಡಿಭಾಗ ನೋಡಿ, ಭೂತಗನ್ನಡಿ ಇದ್ದರೆ ಒಳ್ಳೆಯದು. ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಕೆಳಮುಖವಾಗಿ ಮುದುಡಿದ್ದರೆ ಸಾಮಾನ್ಯವಾಗಿ ನುಸಿ. ಎಲೆ ಸಣ್ಣದಾಗಿ, ಗಿಡ ಗಿಡ್ಡವಾಗಿ ಮುಟುರಿಕೊಂಡಿದ್ದರೆ ಬಿಳಿ ನೊಣ ಹರಡುವ ವೈರಸ್ ಇರಬಹುದು. ಇವು ಮೂರಕ್ಕೂ ಶೇಡ್ ಸೇಲ್ ಔಷಧಿಯಲ್ಲ. ಮಧ್ಯಾಹ್ನ ಬಾಡಿ ಸಂಜೆಗೆ ತಾನೇ ಚೇತರಿಸಿಕೊಳ್ಳುವ ಗಿಡಕ್ಕೆ ಮಾತ್ರ ಬಿಸಿಲು ಕಾರಣ. ಅಂಥದ್ದಕ್ಕೂ ಬಾಡಿದ ತಕ್ಷಣ ನೀರು ಸುರಿಯಬೇಡಿ, ಮಣ್ಣನ್ನು ಬೆರಳಿಂದ ಮುಟ್ಟಿ ನೋಡಿ. ಅಂದಹಾಗೆ, ರೋಗಕ್ಕೆ ಗಂಧಕ ಸಿಂಪಡಿಸುವವರು ನೆಟ್, ಸೇಲ್ ತೆಗೆದಿಟ್ಟು ಸಿಂಪಡಿಸಿ. ಗಂಧಕ ಮತ್ತು ಕ್ಲೋರಿನ್ ಇರುವ ಔಷಧಿಗಳು ಪಾಲಿಥಿನ್ ಬಟ್ಟೆಯಲ್ಲಿ ಬಿಸಿಲು ತಡೆಯಲು ಸೇರಿಸಿರುವ ಅಂಶವನ್ನು ಹಾಳುಮಾಡುತ್ತವೆ. ಬಟ್ಟೆ ಬೇಗ ಪುಡಿಪುಡಿಯಾಗುತ್ತದೆ.

ನೀರು ಸೋರದ ಬಟ್ಟೆ ತರದಿದ್ದದ್ದೇ ಒಳ್ಳೆಯದಾಯಿತು. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್, ಅಂದರೆ 1 ಕೆಜಿ. 50 ಮಿಲಿಮೀಟರ್ ಮಳೆಯಾದರೆ ನಿಮ್ಮ 7 ಚದರ ಮೀಟರ್ ಮೇಲೆ 350 ಕೆಜಿ ನೀರು ಬೀಳುತ್ತದೆ. ಇಳಿಜಾರು ಚೆನ್ನಾಗಿದ್ದರೆ ಹರಿದುಹೋಗುತ್ತದೆ. ಇಲ್ಲದಿದ್ದರೆ ನಡುವೆ ಒಂದು ಕಡೆ ಸ್ವಲ್ಪ ನಿಲ್ಲುತ್ತದೆ, ಆ ತೂಕಕ್ಕೆ ಬಟ್ಟೆ ಜೋಲುತ್ತದೆ, ಜೋತ ಜಾಗಕ್ಕೆ ಇನ್ನಷ್ಟು ನೀರು ಬರುತ್ತದೆ. ಕೊನೆಗೆ ಬಟ್ಟೆ ಹರಿಯುತ್ತದೆ ಅಥವಾ ಕಂಬ ಬಾಗುತ್ತದೆ. ಅಂಥ ಬಟ್ಟೆಗೆ ಕಡಿದಾದ ಇಳಿಜಾರು, ಗಟ್ಟಿ ಚೌಕಟ್ಟು ಬೇಕು. ಗಾಳಿಯೂ ಅದರೊಳಗೆ ತೂರಿಹೋಗುವುದಿಲ್ಲವಾದ್ದರಿಂದ ಎಳೆತ ಇನ್ನೂ ಜಾಸ್ತಿ. ಮಳೆಯಲ್ಲಿ ಕೂರಬೇಕೆಂದರೆ ಶೀಟ್ ಹಾಕಿದ ಸೂರು ಮಾಡಿಸುವುದೇ ನೇರವಾದ ದಾರಿ.

ವರ್ಷವಿಡೀ ಬಿಡಬೇಡಿ. ಬಿರುಗಾಳಿಯ ಕಾಲ ಶುರುವಾಗುವ ಮೊದಲು ಇಳಿಸಿ. ಬೇಸಿಗೆಯ ನಡುವೆಯೂ ಜೋರು ಗಾಳಿಯ ಮುನ್ಸೂಚನೆ ಬಂದರೆ ಹಿಂದಿನ ದಿನವೇ ಇಳಿಸಿ. ಗಾಳಿ ಶುರುವಾದ ಮೇಲೆ ಏಣಿ ಹತ್ತಿ ಬಿಚ್ಚಲು ಹೋಗುವುದು ಸೇಲ್ ಹಾರಿಹೋಗುವುದಕ್ಕಿಂತ ಅಪಾಯ. ಬಿಗಿಯಾಗಿರುವ ಮೂಲೆ ಕೈತಪ್ಪಿದರೆ ಲೋಹದ ಕೊಂಡಿ ಚಾಟಿಯಂತೆ ಬೀಸುತ್ತದೆ. ಟರ್ನ್‌ಬಕಲ್ ತಗ್ಗಿನ ಮೂಲೆಗೆ ಹಾಕಿದರೆ ನೆಲದಲ್ಲೇ ನಿಂತೋ ಒಂದು ಸ್ಟೂಲ್ ಹತ್ತಿಯೋ ಸಡಿಲ ಮಾಡಬಹುದು, ಇದನ್ನು ಮೊದಲೇ ಯೋಚಿಸಿಡಿ. ಇಳಿಸಿದ ಮೇಲೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಇಲಿ ಬಾರದ ಕಡೆ ಮಡಿಸಿಡಿ. ಹೀಗೆ ನೋಡಿಕೊಂಡರೆ ಒಳ್ಳೆಯ ಬಟ್ಟೆ ಹತ್ತಿರ ಹತ್ತಿರ 10 ವರ್ಷ ಬರುತ್ತದೆ. ಸಾಮಾನ್ಯವಾಗಿ ಮೊದಲು ಹೋಗುವುದು ಬಟ್ಟೆಯಲ್ಲ, ಹೊಲಿಗೆಯ ದಾರ. ವರ್ಷಕ್ಕೊಮ್ಮೆ ಮೂಲೆಗಳ ಹೊಲಿಗೆಯನ್ನು ಉಗುರಿಂದ ಕೆರೆದು ನೋಡಿ, ಎಳೆ ಬಿಡುತ್ತಿದ್ದರೆ ಮತ್ತೆ ಹೊಲಿಸಿ. ಸೇಲ್ ಕೆಳಗೆ ಒಲೆ, ಬೆಂಕಿ ಬೇಡವೇ ಬೇಡ. ಈ ಬಟ್ಟೆ 130 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ.

ಕೊನೆಗೆ, ನಿಮ್ಮ ಮುಂದಿರುವ ದಾರಿಗಳು. ಇದೇ ತ್ರಿಕೋನವನ್ನು ಬಳಸುವುದಾದರೆ ಎರಡು ಮೂಲೆ ಮನೆಯ ಪಿಲ್ಲರ್ ಅಥವಾ ಬೀಮ್‌ಗೆ, 3.2 ಮೀಟರ್ ಎತ್ತರದಲ್ಲಿ. ಮೂರನೆಯದು ಗೋಡೆಯಿಂದ ಹೆಚ್ಚುಕಡಿಮೆ 4.8 ಮೀಟರ್ ದೂರದ ಕಂಬಕ್ಕೆ, 2.2 ಮೀಟರ್ ಎತ್ತರದಲ್ಲಿ. ಗೋಡೆ ತಂಪಾಗಿರುತ್ತದೆ, ನಡುಮಧ್ಯಾಹ್ನ ಕುರ್ಚಿಗಳಿಗೆ ನೆರಳಿರುತ್ತದೆ. ಮಡಿಯ ಮೇಲೆ ಬರುವುದು ಬರೀ ಚೂಪಾದ ತುದಿ, ಆ ಜಾಗದಲ್ಲಿ ಸೊಪ್ಪು ಹಾಕಿಕೊಳ್ಳಿ. ನಾಲ್ಕು ಗಂಟೆಯ ನಂತರ ಇದರಿಂದ ಕುರ್ಚಿಗಳಿಗೆ ಹೆಚ್ಚು ಉಪಯೋಗವಿಲ್ಲ. ಇದನ್ನೇ ತಿರುಗಿಸಿ, ಒಂದು ಮೂಲೆ ಮನೆಗೆ, ಎರಡು ಮೂಲೆ ಪಶ್ಚಿಮದ ಎರಡು ಕಂಬಕ್ಕೆ ಕಟ್ಟಿದರೆ ಮಧ್ಯಾಹ್ನದ ನಂತರದ ನೆರಳು ಅಗಲವಾಗಿ ಸಿಗುತ್ತದೆ, ಆದರೆ ಮಡಿಯ ಬೆಳಕು ಹೋಗುತ್ತದೆ, ಖರ್ಚೂ ಜಾಸ್ತಿ. ತ್ರಿಕೋನ ವಾಪಸ್ ಕೊಟ್ಟು ಚೌಕ ತಂದರೆ ನೆರಳು ದೊಡ್ಡದು, ಬಟ್ಟೆ ಸ್ಥಿರ, ಆದರೆ ಗಾಳಿಯ ಎಳೆತ ಮೂರು ಪಟ್ಟು ಹತ್ತಿರ ಬರುತ್ತದೆ. ಎಂಜಿನಿಯರ್ ಇಲ್ಲದೆ ಅದಕ್ಕೆ ಕೈಹಾಕಬೇಡಿ.

ನಾನಾದರೆ ಈ ವರ್ಷ ತಡಿಕೆ ನಿಲ್ಲಿಸಿ ಬಳ್ಳಿ ಹಬ್ಬಿಸುತ್ತೇನೆ, ಮಡಿಗಳಿಗೆ 35% ನೆಟ್ ಹಾಕುತ್ತೇನೆ, ಕೋಲು ನೆಟ್ಟು ನೆರಳಿನ ಗುರುತು ತೆಗೆದುಕೊಳ್ಳುತ್ತೇನೆ. ಸೇಲ್ ಪ್ಯಾಕೆಟ್ ಒಳಗೇ ಇರಲಿ. ತಡಿಕೆ ಬೆಳೆದ ಮೇಲೂ ನಡುಮಧ್ಯಾಹ್ನದ ಬಿಸಿಲು ತಡೆಯಲಾಗುತ್ತಿಲ್ಲ ಅನ್ನಿಸಿದರೆ ಆಗ ಒಂದು ಕಂಬ, ಎರಡು ಕೊಕ್ಕೆಯ ಕೆಲಸ ಮಾಡಿಸಿ. ನೆಲಕ್ಕೆ ಕಾಂಕ್ರೀಟ್ ಹಾಕಿಸುವ ಮೊದಲು ನಿಮ್ಮ ಊರಿನ ಕಟ್ಟಡ ನಿಯಮ ಒಮ್ಮೆ ವಿಚಾರಿಸಿ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ, ಯಾಕೆಂದರೆ ಕಂಬ ಗಡಿಯ ಹತ್ತಿರ ಬಂದರೆ ಮಳೆ ನೀರು ತೊಟ್ಟಿಕ್ಕುವುದು ಅವರ ಕಡೆಗೆ.